ನಾಲ್ಕು ಬೆರಳಿನ ಅಂತರ

ಬೆಸುಗೆಯ ಗೆರೆ ಕಣ್ಣಿಗೆ ಬಿದ್ದ ಕ್ಷಣವೇ ಕಮ್‌ಪನ್ ಟಾರ್ಚನ್ನು ಆರಿಸಿಬಿಟ್ಟ.

ಆರಿಸಿ ಫಲವೇನು? ಕಂಡದ್ದು ಕಂಡಾಗಿತ್ತು. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತ ಸಣ್ಣ ಅರ್ಧಚಂದ್ರಗಳು. ಬೆಸೆದವನು ಎಡಚನಾದ್ದರಿಂದ ಎಲ್ಲವೂ ಒಂದೇ ಕಡೆಗೆ ವಾಲಿದವು. ಇಡೀ ಲೋಮ್ ಕಾವ್ ತಾಲ್ಲೂಕಿನಲ್ಲಿ ಎಡಗೈಯಲ್ಲಿ ಬೆಸುಗೆ ಹಾಕುವ ಮೆಕ್ಯಾನಿಕ್ ಒಬ್ಬನೇ. ಆ ಒಬ್ಬನನ್ನೇ ಪೊಲೀಸರು ಪರಿಣತನೆಂದು ಕರೆಸಿ, ಠಾಣೆಯ ಹಿತ್ತಿಲಿನಲ್ಲಿ ನಿಲ್ಲಿಸಿದ್ದ ಈ ಜಜ್ಜಿದ ಪಿಕಪ್ಪಿನ ಕೆಳಗೆ, ರಟ್ಟಿನ ಮೇಲೆ ಅಂಗಾತ ಮಲಗಿಸಿದ್ದರು.

"ಏನ್ ಲುಂಗ್, ನಿದ್ದೆ ಹತ್ತಿತಾ?"

ಚಕ್ರದ ಪಕ್ಕದಲ್ಲಿ ಎರಡು ಕಪ್ಪು ಬೂಟುಗಳು ಬಂದು ನಿಂತವು. ತನಿಖಾಧಿಕಾರಿ ರಾಮ್‌ಪೈ. ದೊಡ್ಡಪ್ಪನ ವಯಸ್ಸಿನವರನ್ನು ಠಾಣೆಯೊಳಗೂ 'ಲುಂಗ್' ಎಂದೇ ಕರೆಯುವವಳು. ಊರಿನವರಿಗೆ ಅವಳು 'ಮುವಾತ್'. ಸಮವಸ್ತ್ರದ ಹೆಗಲ ಮೇಲಿನ ನಕ್ಷತ್ರಗಳಿಗೆ ಸಲ್ಲುವ ಹೆಸರು ಅದು.

"ಟಾರ್ಚ್ ಕೆಟ್ಟೋಯ್ತು, ಮುವಾತ್."

"ನಿಮ್ಮ ಕೈಲೂ ಸಾಮಾನು ಕೆಡುತ್ತಾ? ದೇಶ ಉದ್ಧಾರ ಆದ ಹಾಗೇ."

ಕಮ್‌ಪನ್ ನಗಲಿಲ್ಲ. ಮೂರು ದಿನದ ಹಿಂದೆ, ಬೆಳಗಿನ ಐದೂವರೆಗೆ, ಎಲೆಕೋಸು ತುಂಬಿದ ಈ ಪಿಕಪ್ ಬೆಟ್ಟದ ರಸ್ತೆಯಲ್ಲಿ ಕೆಳಗಿನಿಂದ ಮೂರನೇ ತಿರುವಿನಲ್ಲಿ ಶಾವಿಗೆ ಅಂಗಡಿಗೆ ನುಗ್ಗಿ ಮಗುಚಿತ್ತು. ಅಂಗಡಿಯ ಒಡತಿ, ಊರಿಗೆಲ್ಲ 'ಪಾ', ದೊಡ್ಡಮ್ಮ, ಆಗಿದ್ದ ಪಾ ಲಮೂನ್ ತಗಡಿನ ರಾಶಿಯಡಿ ಹೆಣವಾಗಿ ಸಿಕ್ಕಿದ್ದಳು. ಸ್ಟೀರಿಂಗಿನ ಹಿಂದೆ ಸಿಕ್ಕ ಮಾಲೀಕ ವಿಸಿತ್ ಅಂದಿನಿಂದ ಲಾಕಪ್ಪಿನಲ್ಲಿದ್ದ.

"ಬ್ರೇಕ್ ಹಿಡೀಲಿಲ್ಲ" ಎಂಬುದು ವಿಸಿತ್‌ನ ಹೇಳಿಕೆ. ತೂಕಡಿಸಿದ್ದಾನೆ ಎಂಬುದು ಠಾಣೆಯ ಗುಮಾನಿ. ಸೋಮವಾರ ಕೋರ್ಟು. ಬ್ರೇಕ್ ನಿಜವಾಗಿಯೂ ಕೈಕೊಟ್ಟಿತ್ತೆಂದು ಪರಿಣತ ಬರೆದುಕೊಟ್ಟರೆ ತನ್ನ ಮದುವೆಗೆ ದಿನ ಗೊತ್ತುಮಾಡಿಕೊಂಡಿದ್ದ ಆ ಇಪ್ಪತ್ತೊಂಬತ್ತರ ಯುವಕ ಮನೆಗೆ; ಇಲ್ಲವಾದರೆ ಜೈಲಿಗೆ.

ಕಮ್‌ಪನ್ ಕತ್ತಲಲ್ಲೇ ಕೈ ಚಾಚಿದ. ಎಂಜಿನ್ನಿಗೆ ಗಾಳಿ ತುಂಬಿ ಬಲ ಕೊಡುವ ಟರ್ಬೊದ ಮೈಗೂ ಹಿಂಬದಿಯ ಬ್ರೇಕಿನ ರಬ್ಬರು ಪೈಪಿಗೂ ನಡುವೆ ಬೆರಳುಗಳನ್ನು ಇಟ್ಟು ನೋಡಿದ. ಒಂದು, ಎರಡು, ಮೂರು, ನಾಲ್ಕು. ಏಳು ತಿಂಗಳ ಹಿಂದೆ ಇಟ್ಟಾಗಲೂ ನಾಲ್ಕೇ ಇದ್ದವು. ಪೈಪು ಹರಿದಿತ್ತು. ಹರಿದ ತುದಿ ಬೆರಳಿಗೆ ಒರಟಾಗಿ, ಒಣಗಿದ ಎಮ್ಮೆಯ ತೊಗಲಿನಂತೆ ತಾಗಿತು. ರಬ್ಬರು ಬೆಂದಿತ್ತು.

ಇಪ್ಪತ್ತು ವರ್ಷ, ಸಂತೆಯ ದಿನ ತಪ್ಪದೆ, ಪಾ ಲಮೂನ್ ಅವನ ತಟ್ಟೆಗೆ ಶಾವಿಗೆಯ ಒಂದು ಸುರುಳಿಯನ್ನು ಹೆಚ್ಚಾಗಿ ಇಡುತ್ತಿದ್ದಳು. ಅವನ ಹೆಂಡತಿ ತೀರಿದ ಮೇಲಂತೂ "ಹೆಂಡತಿ ಇಲ್ಲದೋನು, ಯಾರು ಕೇಳ್ತಾರೆ ನಿನ್ನ" ಎಂದು ಗದರುತ್ತಿದ್ದಳು.

ಬೂಟುಗಳ ಮೇಲೆ ಎರಡು ಮೊಣಕಾಲು ಮಡಿಚಿಕೊಂಡವು. ಮರುಕ್ಷಣ ರಾಮ್‌ಪೈ ಒಗೆದು ಗಂಜಿ ಹಾಕಿದ ಸಮವಸ್ತ್ರದಲ್ಲೇ ಅವನ ಪಕ್ಕ ತೆವಳಿಕೊಂಡು ಬಂದಳು.

"ಈ ಯೂನಿಫಾರ್ಮ್ ಒಗೆಯೋಳೂ ನಾನೇ, ಇಸ್ತ್ರಿ ಹಾಕೋಳೂ ನಾನೇ. ಅದಕ್ಕೆ ಬೇಗ ಬೇಗ ಹೇಳಿ" ಎಂದು ತನ್ನ ಟಾರ್ಚನ್ನು ಹೊತ್ತಿಸಿದಳು. "ನಂಗೊಂದು ಅರ್ಥ ಆಗಲ್ಲ. ಬೋ ಅನ್ನೋದು ಎಂಜಿನ್ ಪಕ್ಕ ಇರ್ಬೇಕಲ್ವಾ? ಇದ್ಯಾಕೆ ಹಿಂದಿನ ಚಕ್ರದ ಹತ್ರ ಬಂದು ಕೂತಿದೆ, ಮನೆಯಿಂದ ಹೊರಗೆ ಹಾಕಿದ ಅಳಿಯನ ಥರ?"

ಈ ಸೀಮೆಯಲ್ಲಿ ಟರ್ಬೊ ಎಂದು ಪೂರ್ತಿ ಹೇಳುವವರಿಲ್ಲ, 'ಬೋ' ಅಷ್ಟೇ.

"ಜಾಗ ಮೂರಿವೆ, ಮುವಾತ್." ತನ್ನ ದನಿ ಪರಿಣತನ ದನಿಯಂತೆ ಇರಲೆಂದು ಕಮ್‌ಪನ್ ಹೆಣಗಿದ. "ಎಂಜಿನ್ನಿಗೆ ಅಂಟಿಸಿ ಮೇಲೆ ಕೂರಿಸಬಹುದು. ಹೊಗೆ ಬಿಸಿಬಿಸಿಯಾಗಿ ಸಿಗುತ್ತೆ, ಕಾಲಿಟ್ಟ ತಕ್ಷಣ ಎಳೆಯುತ್ತೆ. ಆದರೆ ಬಾನೆಟ್ ಒಳಗೆ ಇದ್ದಿಲೊಲೆ ಇಟ್ಟ ಹಾಗೆ. ವಯರು, ರಬ್ಬರು ಎಲ್ಲ ಬೇಯುತ್ತೆ, ಅದಕ್ಕೆ ತಕ್ಕ ಮರೆ ಕಟ್ಟಬೇಕು. ಎರಡನೇದು, ಮುಂದೆ, ಕೆಳಗೆ. ಗಾಳಿ ಚೆನ್ನಾಗಿ ಬಡಿಯುತ್ತೆ. ಮಳೆಗಾಲದಲ್ಲಿ ರಸ್ತೆ ನೀರೂ ಬಡಿಯುತ್ತೆ. ಕೆಂಪಗೆ ಕಾದ ಕಬ್ಬಿಣಕ್ಕೆ ತಣ್ಣೀರು ಎರಚಿದ್ರೆ ಬಿರುಕು ಬಿಡದೆ ಇರುತ್ತಾ?"

"ಮೂರನೇದು ಇದು."

"ಇದು. ಸೈಲೆನ್ಸರ್ ಜಾಗ. ಮುಂದೆ ಏನೂ ಕೊಯ್ಯಬೇಕಾಗಿಲ್ಲ, ಬಾನೆಟ್ ಒಳಗೆ ತಣ್ಣಗಿರುತ್ತೆ. ಆದರೆ ಗಾಳಿ ಅಷ್ಟುದ್ದ ಪೈಪಲ್ಲಿ ಹೋಗಿ ವಾಪಸ್ ಬರಬೇಕು. ಪಂದ್ಯಕ್ಕೆ ಓಡಿಸೋರು ಏನಾದ್ರೂ ಮಾಡ್ಕೊಳ್ಳಲಿ. ದಿನಾ ಭಾರ ಹೊತ್ತು ದುಡಿಯೋ ಗಾಡಿಗೆ ಇಲ್ಲಿ ಯಾರೂ ಹಾಕಲ್ಲ."

"ಯಾರೂ ಹಾಕಲ್ಲ. ಆದ್ರೂ ಯಾರೋ ಹಾಕಿದ್ದಾರೆ."

ಕಮ್‌ಪನ್‌ನ ಕಣ್ಣ ಮುಂದೆ ಏಳು ತಿಂಗಳ ಹಿಂದಿನ ಮಧ್ಯಾಹ್ನ ಬಂದು ನಿಂತಿತ್ತು. ಬಾನೆಟ್ ಎತ್ತಿ, ಎಂಜಿನ್ನಿನ ಪಕ್ಕದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಡ್ರಿಲ್ಲನ್ನು ಕೈಗೆತ್ತಿಕೊಂಡಿದ್ದ. ಆಗ ವಿಸಿತ್‌ನ ತಾಯಿ ಕೇಸೋನ್ ಅವನ ಮೊಣಕೈಯನ್ನು ಹಿಡಿದಳು. ಮೆಕ್ಯಾನಿಕ್ಕನನ್ನು ಊರು ಕರೆಯುವಂತೆ ಅವಳೂ ಅವನನ್ನು 'ಚಾಂಗ್' ಎನ್ನುತ್ತಿದ್ದಳು. "ಅಯ್ಯೋ ಚಾಂಗ್, ಮುಂದುಗಡೆ ಮೇ ಯಾನಾಂಗ್ ಇರೋ ಜಾಗ. ಗಾಡಿ ಕಾಯೋ ತಾಯಿ ತಲೆ ಹತ್ರ ಒಲೆ ಹಚ್ತೀಯಾ? ಎಲ್ಲಾದ್ರೂ ಹಿಂದೆ ಹಾಕು." ವಿಸಿತ್ ತಲೆ ಚಚ್ಚಿಕೊಂಡಿದ್ದ. ಕಮ್‌ಪನ್ ಡ್ರಿಲ್ಲನ್ನು ಕೆಳಗಿಟ್ಟಿದ್ದ.

ಮೇ ಯಾನಾಂಗ್ ಮೇಲಿನ ಭಕ್ತಿಯಿಂದಲ್ಲ. ಮೊಣಕೈ ಹಿಡಿದ ಆ ಕೈಗೋಸ್ಕರ. ಹತ್ತು ವರ್ಷದಿಂದ ವಿಧುರನಾದವನು, ಆರು ವರ್ಷದಿಂದ ವಿಧವೆಯಾದವಳ ಮಾತಿಗೆ ಇಲ್ಲವೆನ್ನಲಾರದೆ, ತನ್ನ ಮೂವತ್ತು ವರ್ಷದ ವಿದ್ಯೆಯನ್ನು ಅಂದು ಪಕ್ಕಕ್ಕಿಟ್ಟಿದ್ದ.

"ಮುಂದಿನ ವಾರ ಬಾ, ನಡುವೆ ಒಂದು ತಗಡು ಮರೆ ಹಾಕಿಕೊಡ್ತೀನಿ" ಎಂದು ವಿಸಿತ್‌ಗೆ ಹೇಳಿ ಕಳಿಸಿದ್ದ. ಆ ಮುಂದಿನ ವಾರ ಬರಲೇ ಇಲ್ಲ. ಒಮ್ಮೆ ತಗಡು ಇರಲಿಲ್ಲ, ಒಮ್ಮೆ ಗಾಡಿಗೆ ಬಿಡುವಿರಲಿಲ್ಲ, ಆಮೇಲೆ ಮರೆತೇ ಹೋಯಿತು.

"ಲುಂಗ್ ಪನ್," ಎಂದು ಅವನ ಹೆಸರನ್ನು ಮೊಟಕಾಗಿಸಿ ಕರೆದ ರಾಮ್‌ಪೈಯ ದನಿ ಸಣ್ಣದಾಯಿತು. "ಈ ಬೆಸುಗೆ ಫೋಟೋ ಹಿಡ್ಕೊಂಡು ಹನ್ನೊಂದು ಗ್ಯಾರೇಜ್ ಸುತ್ತಿದೆ. ಎಲ್ಲರೂ ನಕ್ಕರು. 'ಪಾತ್ರೆ ಮೇಲೆ ಹೆಸರು ಕೊರೆಸಿದ ಹಾಗಿದೆಯಲ್ಲ ಮುವಾತ್, ಇದನ್ನ ಕೇಳ್ಕೊಂಡು ಇಷ್ಟು ದೂರ ಬರಬೇಕಿತ್ತಾ' ಅಂದ್ರು."

ಎಲ್ಲೋ ಒಂದು ಹುಂಜ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿತು.

"ಹಾಗಾದ್ರೆ ನನ್ನನ್ನ ಪರಿಣತ ಅಂತ ಕರೆಸಿದ್ದು..."

"ಪರಿಣತರೇ ಅಲ್ವಾ? ಈ ಗಾಡಿ ಬಗ್ಗೆ ನಿಮಗಿಂತ ಜಾಸ್ತಿ ಗೊತ್ತಿರೋರು ಯಾರು? ನೀವಾಗೇ ಹೇಳ್ತೀರಾ ಅಂತ ನೋಡ್ದೆ. ಟಾರ್ಚ್ ಆರಿಸಿದ್ರಿ."

ಅವಳ ಮಾತಿನಲ್ಲಿ ಕೋಪವಿದ್ದಿದ್ದರೆ ಕಮ್‌ಪನ್ ಇನ್ನಷ್ಟು ಹೊತ್ತು ತಡೆಯುತ್ತಿದ್ದನೇನೋ. ಇದ್ದದ್ದು ಬೇಸರ. ಅದು ನೇರವಾಗಿ ನಾಟಿತು.

"ವಿಸಿತ್ ನನ್ನ ಹೆಸರು ಹೇಳಲಿಲ್ವಾ?"

"ಗಾಡಿ ಕೊಂಡಾಗಲೇ ಬೋ ಇತ್ತು ಅಂದ. ಎಷ್ಟು ಸಲ ಕೇಳಿದ್ರೂ ಅದೇ."

ಲಾಕಪ್ಪಿನಲ್ಲಿ ಕೂತೂ ಹುಡುಗ ತನ್ನನ್ನು ಕಾಪಾಡುತ್ತಿದ್ದಾನೆ. ಕಮ್‌ಪನ್ ಕಣ್ಣು ಮುಚ್ಚಿದ.

"ಬರ್ಕೊಳ್ಳಿ, ಮುವಾತ್."

ಇಬ್ಬರೂ ಹೊರಗೆ ತೆವಳಿದರು. ಬೇಲಿಯ ಹುಣಸೆಮರದ ನೆರಳಿನಲ್ಲಿ, ಉರುಳಿಸಿಟ್ಟಿದ್ದ ಟೈರಿನ ಮೇಲೆ ರಾಮ್‌ಪೈ ಕೂತಳು. ಮೊಣಕಾಲಿನ ಮೇಲೆ ಕಾಗದವನ್ನು ಹರಡಿದಳು. ಅವನು ನಿಂತೇ ಹೇಳಿದ. ಜಾಗ ಆರಿಸಿದ್ದು ತಾನು. ಬ್ರೇಕ್ ಪೈಪಿಗೆ ನಾಲ್ಕು ಬೆರಳಿನ ಅಂತರ ಸಾಲದೆಂದು ಗೊತ್ತಿದ್ದೂ ಬಿಟ್ಟದ್ದು ತಾನು. ಹಾಕುತ್ತೇನೆಂದ ಮರೆ ಹಾಕದವನೂ ತಾನೇ. ಬೋ ಕಾದು ಪೈಪು ಬೆಂದಿದೆ, ಒಳಗಿನ ಎಣ್ಣೆ ಕುದಿದಿದೆ, ಪೆಡಲು ನೆಲಕ್ಕಿಳಿದಿದೆ. ವಿಸಿತ್‌ನ ತಪ್ಪೇನೂ ಇಲ್ಲ.

ಕೇಸೋನ್ ಮೊಣಕೈ ಹಿಡಿದದ್ದನ್ನು ಮಾತ್ರ ಹೇಳಲಿಲ್ಲ.

"ಇಷ್ಟು ಸಾಕಾ? ಅವನನ್ನ ಬಿಡ್ತೀರಾ?"

"ಇದು ನಿಜ ಆದ್ರೆ ಅವನನ್ನ ಬಿಡ್ತೀನಿ, ನಿಮ್ಮನ್ನ ಹಿಡೀತೀನಿ. ಇಷ್ಟು ಖುಷಿಯಾಗಿ ಕೈ ಚಾಚಬೇಡಿ ಲುಂಗ್, ಬೇಡಿ ತಂದಿಲ್ಲ." ಅವಳು ಎದ್ದಳು. "ಒಂದ್ಸಲ ಆ ನಾಲ್ಕು ಬೆರಳು ತೋರಿಸಿ. ಫೋಟೋ ಬೇಕು."

ಮತ್ತೆ ರಟ್ಟಿನ ಮೇಲೆ ಮಲಗಿದಾಗ ಕಮ್‌ಪನ್‌ಗೆ ಮೈ ಹಗುರವಾಗಿತ್ತು. ಈಗ ಟಾರ್ಚಿನ ಬೆಳಕಿಗೆ ಅಂಜಬೇಕಾಗಿರಲಿಲ್ಲ. ಎಡಗೈ ಬೆರಳುಗಳನ್ನು ಟರ್ಬೊಗೂ ಪೈಪಿಗೂ ನಡುವೆ ಇಟ್ಟ. ಫೋಟೋ ತೆಗೆಯುವಾಗ ಅವನ ಕಣ್ಣು ಟರ್ಬೊದ ಮೇಲ್ಭಾಗಕ್ಕೆ, ಸಾಮಾನು ತುಂಬುವ ತಳದ ಹಲಗೆಗೂ ಅದಕ್ಕೂ ನಡುವಿನ ಸಂದಿಗೆ ಹೋಯಿತು.

ಅಲ್ಲೊಂದು ಎಲೆ ಅಂಟಿಕೊಂಡಿತ್ತು.

ಎಲೆಕೋಸಿನ ಹೊರ ಎಲೆ. ಕಬ್ಬಿಣಕ್ಕೆ ತಾಗಿದ ಅರ್ಧ ಕರಿ ಇದ್ದಿಲಾಗಿ, ಅಚ್ಚೊತ್ತಿದಂತೆ ಕೂತಿತ್ತು. ಗಾಳಿಯಲ್ಲಿ ಉಳಿದ ಅರ್ಧ ಬಾಡಿ ಹಳದಿಗೆ ತಿರುಗಿತ್ತು, ಅಷ್ಟೇ. ನರಗಳಲ್ಲಿ ಇನ್ನೂ ಹಸಿರಿತ್ತು.

ಕಮ್‌ಪನ್ ತಲೆಯೆತ್ತಿ ಎಲೆಯ ಹತ್ತಿರಕ್ಕೆ ಮುಖ ತಂದ.

ಇದು ಹೇಗೆ ಸಾಧ್ಯ?

ಮೂವತ್ತು ವರ್ಷದ ವಿದ್ಯೆ ಈಗ ತಾನಾಗಿಯೇ ಮಾತಾಡತೊಡಗಿತು. ಬೆಟ್ಟದ ನೆತ್ತಿಯಿಂದ ಮೂರನೇ ತಿರುವಿಗೆ ಹದಿನಾಲ್ಕು ಕಿಲೋಮೀಟರ್ ಇಳಿಜಾರು. ತುಂಬಿದ ಗಾಡಿ ಎರಡನೇ ಗೇರಿನಲ್ಲಿ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಅರ್ಧ ಗಂಟೆ ಇಳಿಯುತ್ತದೆ. ಎಂಜಿನ್ ಉಣ್ಣುವುದಿಲ್ಲ, ಹೊಗೆ ಬಿಸಿಯಾಗುವುದಿಲ್ಲ. ಕೆಳಗೆ ತಲುಪುವಾಗ ಬೋ ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿರಬೇಕು. ಅದರ ಮೇಲೆ ಬಿದ್ದ ಎಲೆ ಬಾಡಬಹುದು, ಇದ್ದಿಲಾಗಲಾರದು.

ಕಾದಿತ್ತು. ಗಾಡಿ ಮಗುಚಿದಾಗ ಬೋ ಕೆಂಡದಂತೆ ಕಾದಿತ್ತು.

ಅಂದರೆ ಅದು ಇಳಿಯುತ್ತಿರಲಿಲ್ಲ. ಭಾರ ಹೊತ್ತು, ಆಕ್ಸಿಲರೇಟರನ್ನು ಒತ್ತಿ ಹಿಡಿದು, ಬೆಟ್ಟ ಹತ್ತುತ್ತಿತ್ತು.

ಏರಿನಲ್ಲಿ ಬ್ರೇಕು ಕೈಕೊಟ್ಟು ಗಾಡಿ ಅಂಗಡಿಗೆ ನುಗ್ಗುವುದುಂಟೆ? ಬೆಂದಿದ್ದ ಪೈಪು ಹರಿದದ್ದು ಮಗುಚಿದ ಏಟಿಗೇ ಇರಬೇಕು. ಆ ಒಂದು ಎಲೆ ಅವನ ತಪ್ಪೊಪ್ಪಿಗೆಯನ್ನು ಸುಳ್ಳಾಗಿಸುತ್ತಿತ್ತು. ಜೊತೆಗೆ ವಿಸಿತ್‌ನ ಮಾತನ್ನೂ. ಬ್ರೇಕಿನ ನೆಪ ಹೋದರೆ ಸೋಮವಾರ ಅವನಿಗೆ ಉಳಿಯುವುದೇನು?

ಎಲೆ ಹೆಬ್ಬೆರಳಿಗೆ ಎಟುಕುವಷ್ಟು ಹತ್ತಿರವಿತ್ತು. ಉಗುರಿನಿಂದ ಒಮ್ಮೆ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಾನು ಒಳಗೆ ಹೋಗುತ್ತಿದ್ದ, ವಿಸಿತ್ ಹೊರಗೆ ಬರುತ್ತಿದ್ದ, ಲೆಕ್ಕ ಸರಿಹೋಗುತ್ತಿತ್ತು. ತನಗೆ ಬೇಕಾಗಿದ್ದದ್ದೂ ಅದೇ ಅಲ್ಲವೇ?

ಹೆಬ್ಬೆರಳು ಚಾಚಿತು.

"ಏನದು?"

"ಎಲೆ."

"ಎಲೆ ಅಂತ ನಂಗೂ ಕಾಣುತ್ತೆ. ಕೋಸಿನ ಗಾಡೀಲಿ ಕೋಸಿನೆಲೆ ಇರದೆ ಬಾಳೆಲೆ ಇರುತ್ತಾ? ಅದನ್ಯಾಕೆ ದೆವ್ವ ನೋಡಿದ ಹಾಗೆ ನೋಡ್ತಿದ್ದೀರಾ?"

ಕಮ್‌ಪನ್ ಬೆರಳನ್ನು ಹಿಂದಕ್ಕೆಳೆದುಕೊಂಡ. ಪಾ ಲಮೂನ್ ಸತ್ತದ್ದು ಹೇಗೆಂದು ತಿಳಿಯದೆಯೇ ಅವಳ ಕಡತವನ್ನು ಮುಚ್ಚಿಸಲು ತಾನು ಕೈ ಚಾಚಿದ್ದೆ ಎಂಬುದು ಆಗ ಅರಿವಾಯಿತು. ತನ್ನ ಬಗ್ಗೆ ತಾನು ಸುಳ್ಳು ಹೇಳಿಕೊಳ್ಳಬಹುದು; ಅವಳ ಸಾವಿನ ಬಗ್ಗೆ ಹೇಳುವ ಹಕ್ಕು ಯಾರು ಕೊಟ್ಟರು?

"ಮುವಾತ್, ಈ ಗಾಡಿ ಇಳೀತಿರಲಿಲ್ಲ."

ಕಬ್ಬಿಣ, ಕಾವು, ಎಲೆ ಎಂದು ಒಂದೊಂದಾಗಿ ಹೇಳಿದ. ರಾಮ್‌ಪೈ ಒಮ್ಮೆ ಮಾತ್ರ ತಡೆದಳು. "ಹಿಂದಿನ ದಿನ ಬಿದ್ದ ಎಲೆ ಆಗಿರಬಾರದಾ?"

"ಲೋಡಿನ ಮೇಲೆ ತಾಡಪಾಲು ಬಿಗಿದಿತ್ತು. ಹರಿದದ್ದು ಮಗುಚಿದಾಗ. ಹಿಂದಿನ ದಿನದ್ದಾದ್ರೆ ಪೂರ್ತಿ ಸುಟ್ಟು ಹಾರಿ ಹೋಗ್ತಿತ್ತು. ಇದು ಬಿತ್ತು, ಅರ್ಧ ಸುಟ್ಟಿತು, ಅಷ್ಟರಲ್ಲಿ ಎಂಜಿನ್ ನಿಂತುಹೋಯ್ತು."

ಅವಳು ತನ್ನ ಹಣೆಗೆ ತಾನೇ ಟಾರ್ಚಿನಿಂದ ಮೆಲ್ಲಗೆ ಹೊಡೆದುಕೊಂಡಳು.

"ಗಾಡಿ ರಸ್ತೆಗೆ ಅಡ್ಡ ಬಿದ್ದಿತ್ತು. ಮುಖ ಕಣಿವೆ ಕಡೆಗೆ. ಯಾವ ಕಡೆಯಿಂದ ಬಂತು ಅಂತ ಒಬ್ಬರೂ ಕೇಳಲಿಲ್ಲ. ಬೆಟ್ಟದ ಮೇಲೆ ಬೆಳೆಯೋ ಕೋಸು ಅಂದಮೇಲೆ ಸಂತೆಗೆ ಇಳೀಲೇಬೇಕು ಅಂದ್ಕೊಂಡ್ವಿ. ಕೋಸು ಬೆಟ್ಟ ಹತ್ತೋದನ್ನ ಯಾರು ನೋಡಿದ್ದಾರೆ?"

"ಯಾರೂ ನೋಡಿಲ್ಲ."

"ನಾವಂತೂ ದಡ್ಡರು, ಬಿಡಿ. ವಿಸಿತ್?" ಅವಳು ಮೊಣಕೈ ಊರಿ ಅವನತ್ತ ಹೊರಳಿದಳು. "ಮೂರು ದಿನದಿಂದ ಇಳೀತಿದ್ದೆ, ಇಳೀತಿದ್ದೆ ಅಂತಾನೇ ಇದ್ದಾನೆ. ಓಡಿಸಿದೋನಿಗೆ ತನ್ನ ಗಾಡಿ ಮುಖ ಯಾವ ಕಡೆಗಿತ್ತು ಅಂತ ಗೊತ್ತಿರಲ್ವಾ ಲುಂಗ್?"

ಬಿಸಿಲಿನಲ್ಲಿ ಮಲಗಿದ್ದ ನಾಯಿಯೊಂದು ಎದ್ದು, ಮೈ ಕೊಡವಿ, ನೆರಳಿಗೆ ಬಂತು. ಕಮ್‌ಪನ್‌ಗೆ ಅದರ ಉಸಿರೂ ಕೇಳುತ್ತಿತ್ತು.

"ಅವನು ಓಡಿಸ್ತಿರಲಿಲ್ಲ" ಎಂದ.

"ಓಡಿಸ್ತಿರಲಿಲ್ಲ. ಹೀಗಾಗಿರ್ಬೇಕು ನೋಡಿ. ಗಾಡಿ ರಾತ್ರಿ ಅವನ ಮನೆ ಮುಂದೆ ನಿಂತಿತ್ತು, ಬೆಟ್ಟದ ಮೇಲೆ. ಎದ್ದು ನೋಡಿದಾಗ ಇಲ್ಲ. ಬೈಕಲ್ಲಿ ಇಳ್ಕೊಂಡು ಬಂದ, ತಿರುವಿನಲ್ಲಿ ಬಿದ್ದಿರೋದು ಕಂಡ. ತನ್ನ ಹಾಗೇ ಅದೂ ಇಳ್ಕೊಂಡು ಬಂದಿದೆ ಅಂದ್ಕೊಂಡ. ಯಾರನ್ನೋ ಉಳಿಸೋಕೆ ತಾನೇ ಹೋಗಿ ಸ್ಟೀರಿಂಗ್ ಹಿಂದೆ ಸೇರ್ಕೊಂಡ. ಕೆಳಗೆ ಊರು ಮುಟ್ಟಿ ವಾಪಸ್ ಹತ್ತುತ್ತಿತ್ತು ಅಂತ ಅವನಿಗೂ ಗೊತ್ತಿಲ್ಲ." ರಾಮ್‌ಪೈ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದಳು. "ಇದನ್ನ ಕೇಳಿ. ಮೊದಲು ಸ್ಥಳಕ್ಕೆ ಹೋದ ಪೇದೆ ಬರೆದದ್ದು. 'ಮೇ ಗಾಡಿ ತೊಗೊಂಡು ಹೋದ್ರು, ಮೇ ಗಾಡಿ ತೊಗೊಂಡು ಹೋದ್ರು ಎಂದು ಚಾಲಕನು ಬಡಬಡಿಸುತ್ತಿದ್ದನು.' ಅದರ ಕೆಳಗೆ ಇನ್ನೊಬ್ಬರು ಬರೆದಿದ್ದಾರೆ, 'ಅಪಘಾತ ಮಾಡಿದವರೆಲ್ಲ ಮೇ ಯಾನಾಂಗ್ ಮೇಲೆ ಹಾಕುತ್ತಾರೆ.' ಠಾಣೆ ತುಂಬ ನಗು. ನಾನೂ ನಕ್ಕೆ."

ಗಾಡಿಯ ಕಾವಲು ತಾಯಿಯನ್ನು ಡ್ರೈವರುಗಳು ಕರೆಯುವುದು ಮೇ ಎಂದು. 

ಹೆತ್ತ ತಾಯಿಯನ್ನು ಮಕ್ಕಳು ಕರೆಯುವುದೂ ಮೇ ಎಂದೇ.

ಕಮ್‌ಪನ್ ಹಾಳೆಯಿಂದ ಕಣ್ಣು ತೆಗೆದು ತಳದ ಹಲಗೆಯತ್ತ ನೋಡತೊಡಗಿದ.

"ಕೇಸೋನ್‌ಗೆ ಸೈಕಲ್ ತುಳಿಯೋಕೂ ಬರಲ್ಲ ಅಂತ ಇಡೀ ಊರು ಹೇಳುತ್ತೆ" ಎಂದಳು ರಾಮ್‌ಪೈ. ಟಾರ್ಚಿನ ಬೆಳಕು ಈಗ ಗಾಡಿಯ ಮೇಲಿರಲಿಲ್ಲ. ಅವನ ಗಲ್ಲದ ಮೇಲಿತ್ತು. "ಹಾಗಾದ್ರೆ ಯಾರೋ ಕಲಿಸಿರಬೇಕು. ಗುಟ್ಟಾಗಿ. ಗಾಡಿ ರಿಪೇರಿಗೆ ಬಂದಾಗ, ಮಗನಿಗೂ ಗೊತ್ತಾಗದ ಹಾಗೆ."

"ಮೂರು ಭಾನುವಾರ" ಎಂದ ಕಮ್‌ಪನ್. "ದೇವಸ್ಥಾನದ ಹಿಂದಿನ ಬಯಲಲ್ಲಿ. ಮಗನ ಮದುವೆಗೆ ದಿಬ್ಬಣದ ಮುಂದೆ ತಾನೇ ಗಾಡಿ ಓಡಿಸ್ಕೊಂಡು ಹೋಗಿ ಎಲ್ಲರ ಬಾಯಿ ಮುಚ್ಚಿಸ್ತೀನಿ ಅಂತಿದ್ರು."

"ಏನು ಕಲಿಸಿದ್ರಿ?"

ಹೇಳತೊಡಗಿದವನಿಗೆ ನಡುವೆಯೇ ತಾನು ಏನು ಹೇಳುತ್ತಿದ್ದೇನೆಂಬುದು ಹೊಳೆಯಿತು.

"ಬೋ ಹಿಂದಿದೆ, ಅದಕ್ಕೆ ಈ ಗಾಡಿ ತಡವಾಗಿ ಎದ್ದೇಳುತ್ತೆ ಅಂದೆ. ಏರಲ್ಲಿ ಒತ್ತಿದ ತಕ್ಷಣ ಎಳೆಯಲ್ಲ. ಹೆದರಿ ಇನ್ನೂ ಒತ್ತಬೇಡಿ. ಒತ್ತಿ, ಮೂರು ಎಣಿಸಿ, ತಾನೇ ಬರುತ್ತೆ. ಎಣಿಸದೆ ಪೂರ್ತಿ ಒತ್ತಿದ್ರೆ..." ಅವನು ಅಂಗೈಯನ್ನು ಮುಂದಕ್ಕೆ ತಳ್ಳಿ ತೋರಿಸಿದ. "ಒಟ್ಟಿಗೆ ಬರುತ್ತೆ. ಗೂಳಿ ನುಗ್ಗಿದ ಹಾಗೆ."

ಮೂರನೇ ತಿರುವು. ಅಲ್ಲಿ ಎಲ್ಲ ಗಾಡಿಗಳೂ ನಿಧಾನವಾಗುತ್ತವೆ. ತಿರುವು ದಾಟಿ ಒತ್ತಬೇಕು. ಒತ್ತಿದರೆ ಬರುವುದಿಲ್ಲ. ಇನ್ನೂ ಒತ್ತುತ್ತಾಳೆ. ಎದುರಿಗೆ ಪಾ ಲಮೂನ್‌ಳ ತಗಡಿನ ಚಪ್ಪರ.

ಬ್ರೇಕ್ ಪೈಪಿನ ನಾಲ್ಕು ಬೆರಳು ಅವನನ್ನು ತಪ್ಪಿನಿಂದ ಬಿಡಿಸಿತ್ತು. ಟರ್ಬೊ ಕೂತ ಜಾಗ ಬಿಡಿಸಿರಲಿಲ್ಲ. ಮುಂದೆ, ಸೀಮೆಸುಣ್ಣದ ಗುರುತಿದ್ದಲ್ಲೇ ಕೂರಿಸಿದ್ದರೆ ಆ ಮೂರು ಎಣಿಕೆಯೇ ಇರುತ್ತಿರಲಿಲ್ಲ. ಕಾಲಿಟ್ಟ ತಕ್ಷಣ, ಹದವಾಗಿ, ಗಾಡಿ ಹತ್ತುತ್ತಿತ್ತು. ಹೆಣ್ಣಿನ ಒಂದು ಕೈಸೋಕಿಗೆ ಸೋತು ಜಾಗ ಬದಲಿಸಿದ; ಅವಳ ಇನ್ನೊಂದು ನಗುವಿಗೆ ಸೋತು ಅದೇ ಗಾಡಿಯ ಸ್ಟೀರಿಂಗನ್ನು ಅವಳ ಕೈಗಿತ್ತ. ನಡುವೆ ಸಿಕ್ಕಿ ಸತ್ತವಳು ಇವೆರಡನ್ನೂ ಕೇಳಿರಲಿಲ್ಲ.

ಅವನು ಗಾಡಿಯಡಿಯಿಂದ ಹೊರಗೆ ಬಂದು, ಬಂಪರನ್ನು ಹಿಡಿದು ನಿಂತ. ರಾಮ್‌ಪೈ ಕೆಳಗೇ ಉಳಿದಳು. ಆ ಎಲೆಯನ್ನು ಪೊಟ್ಟಣಕ್ಕೆ ಹಾಕಬೇಕಿತ್ತು.

"ಚಾಂಗ್!"

ಠಾಣೆಯ ಪಕ್ಕದ ಓಣಿಯಿಂದ ಕೇಸೋನ್ ಬರುತ್ತಿದ್ದಳು. ಒಂದು ಕೈಯಲ್ಲಿ ಮೂರಂತಸ್ತಿನ ಊಟದ ಕ್ಯಾರಿಯರ್, ಇನ್ನೊಂದರಲ್ಲಿ ಅಂಟಕ್ಕಿ ಅನ್ನದ ಬುಟ್ಟಿ. ಮೂರು ದಿನದಿಂದಲೂ ಮಗನಿಗೆ ಊಟ ತರುತ್ತಿದ್ದಳು. ಮೂರು ದಿನದಿಂದಲೂ ಪೇದೆ ಪಕ್ಕದಲ್ಲೇ ನಿಂತು, ಮಾತಾಡಗೊಡದೆ, ಊಟ ಕೊಡಿಸಿ ಕಳಿಸುತ್ತಿದ್ದ. ಅರುವತ್ತರ ಮುಖ ಈ ಮೂರು ದಿನದಲ್ಲಿ ಎಪ್ಪತ್ತಾಗಿತ್ತು.

"ಊಟ ಆಯ್ತಾ?" ಎಂದಳು, ಯಾರನ್ನು ಕಂಡರೂ ಕೇಳುವಂತೆ.

"ಇನ್ನೂ ಇಲ್ಲ, ಪೀ ಕೇಸೋನ್." ತನಗಿಂತ ಹಿರಿಯಳೆಂಬ ಮರ್ಯಾದೆಗೆ ಅವನು ಹೆಸರಿಗೆ 'ಪೀ' ಸೇರಿಸುತ್ತಿದ್ದ.

ಪಿಕಪ್ಪಿನ ಕೆಳಗಿಂದ ಚಾಚಿದ್ದ ಎರಡು ಕಪ್ಪು ಬೂಟುಗಳು ಸದ್ದಿಲ್ಲದೆ, ಒಂದೊಂದೇ ಇಂಚು, ಒಳಗೆ ಸರಿದವು.

ಕಮ್‌ಪನ್ ನೋಡಿದ. ಕೇಸೋನ್ ನೋಡಲಿಲ್ಲ. ಅವಳ ಕಣ್ಣು ಜಜ್ಜಿದ ಬಾನೆಟ್ಟಿನ ಮೇಲಿತ್ತು. ಕ್ಯಾರಿಯರನ್ನು ನೆಲಕ್ಕಿಟ್ಟು, ಕೈ ಮುಗಿದು, ಮತ್ತೆ ಅವನ ಕಡೆ ತಿರುಗಿದಳು.

"ಮರದಡಿ ನೀನು ಹೇಳಿದ್ದು ಕಿಟಕೀಲಿ ಕೇಳಿಸ್ತಂತೆ. ಒಳಗೆ ಪೇದೆಗಳು ಹೇಳ್ತಿದ್ರು, ಚಾಂಗ್ ಪನ್ ಎಲ್ಲ ತನ್ನ ಮೇಲೆ ಹಾಕ್ಕೊಳ್ತಿದ್ದಾನೆ, ನಿಮ್ಮ ಹುಡುಗ ಬರ್ತಾನೆ ಬಿಡಿ ಅಂತ. ನಿಜಾನಾ?"

ಮಾತಾಡಬೇಡಿ. ಅವಳನ್ನು ಎಚ್ಚರಿಸಲು ಆ ಒಂದೇ ಪದ ಸಾಕಾಗಿತ್ತು. ಅಷ್ಟೂ ಬೇಡ, ಕಣ್ಣಿನ ಒಂದು ಸನ್ನೆ ಸಾಕಿತ್ತು. ಅವನು ಬಾಯಿ ತೆರೆದ. ಪಾ ಲಮೂನ್‌ಳ ನೆನಪು ಬಾಯಿಯನ್ನು ಮುಚ್ಚಿಸಿತು. ಕೇಸೋನ್‌ಳ ಮುಖ ಮತ್ತೆ ತೆರೆಸಿತು. ಈ ಹಗ್ಗಜಗ್ಗಾಟದಲ್ಲಿ ಒಂದು ಉಸಿರಿನಷ್ಟು ಹೊತ್ತು ಕಳೆದುಹೋಯಿತು. ಅವಳಿಗೆ ಅಷ್ಟೇ ಸಾಕಾಗಿತ್ತು.

"ಬೇಡ ಚಾಂಗ್, ನಿನ್ನ ತಪ್ಪಲ್ಲ. ನನ್ನ ಮಗನದ್ದೂ ಅಲ್ಲ. ಓಡಿಸ್ತಿದ್ದೋಳು ನಾನು." ತುಟಿ ಅದುರಿತು; ಮಾತು ಅದುರಲಿಲ್ಲ. "ನೀನು ಹೇಳಿದ ಹಾಗೆ ಎಣಿಸಿದೆ. ಒಂದಕ್ಕೇ ಎಣಿಕೆ ನಿಂತುಹೋಯ್ತು. ಎಣಿಸೋಕೆ ಅವಳು ಬಿಡಲಿಲ್ಲ."

"ಯಾರು ಬಿಡಲಿಲ್ಲ?"

"ಲಮೂನ್."

ಕಮ್‌ಪನ್‌ಗೆ ತಾನು ಕೇಳಿದ್ದು ತಿಳಿಯಲಿಲ್ಲ. "ಪಾ ಲಮೂನ್ ಅಂಗಡೀಲಿದ್ರಲ್ಲ. ಗಾಡಿ ಗುದ್ದಿದ್ದು ಅಂಗಡಿಗೆ."

"ಅಂಗಡೀಲಿ ಯಾರೂ ಇರಲಿಲ್ಲ. ಬೀಗ ಹಾಕಿತ್ತು." ಕೇಸೋನ್ ಅವನ ತೋಳನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡಳು. "ಲಮೂನ್ ನನ್ನ ಪಕ್ಕ ಕೂತಿದ್ದಳು, ಗಾಡೀಲಿ. ಗುದ್ದಿದ ಏಟಿಗೆ ಆಚೆ ಬಿದ್ದು ತಗಡಿನಡಿ ಸಿಕ್ಕಳು. ಹಿಂದಿನ ಗಾಜಲ್ಲಿ ನೋಡ್ತಾ, 'ಒತ್ತೇ ಕೇಸೋನ್, ಇನ್ನೂ ಒತ್ತು, ಅವನು ಹಿಂದೇನೇ ಇದ್ದಾನೆ' ಅಂತ ಕಿರುಚ್ತಿದ್ದಳು."

"ಯಾರವನು?"

ಕೇಳಿದ್ದು ಕಮ್‌ಪನ್ ಅಲ್ಲ. ದನಿ ಗಾಡಿಯ ಕೆಳಗಿನಿಂದ ಬಂದಿತ್ತು.

ಕೇಸೋನ್ ಬಗ್ಗಿ ನೋಡಲಿಲ್ಲ. ಅವನ ತೋಳನ್ನು ಮೆಲ್ಲಗೆ ಬಿಟ್ಟಳು. ಒಂದು ಹೆಜ್ಜೆ ಹಿಂದೆ ಸರಿದಳು. ಕೆಳಗೆ ಪೊಲೀಸು ಇರುವುದು ಗೊತ್ತಿದ್ದೂ ತನ್ನನ್ನು ಎಚ್ಚರಿಸದ ಅವನ ಮುಖವನ್ನೇ ನೋಡುತ್ತ, ಆ ಹೆಸರು ಹೊರಬೀಳದಂತೆ ಹಲ್ಲುಗಳನ್ನು ಬಿಗಿಯಾಗಿ ಕಚ್ಚಿಕೊಂಡಳು.